ಕೊನೇ ಸಾಲಿನ ಸ್ವಾದರಮಾವ

ಎಡಗಡೆ ಮಾನಿಟರು ಮಾಲಕರದು, ಹೊಸಾದು, ಅಗಲ.
ಬಲಗಡೆದು ನಾನೇ ತಂದಿದ್ದು,
ಸೊಲ್ಲಾಪುರದಾಗ ಬಾಗಲಾ ಹಾಕಿದ ಸೈಬರ್ ಕೆಫೆಯಿಂದ
ಒಂಬೈನೂರು ರೂಪಾಯಿಗೆ, ಚಾದರದಾಗ ಸುತ್ತಿ,
ಅಕ್ಕಲಕೋಟ ಬಸ್ಸಿನಾಗ ತೊಡೀ ಮ್ಯಾಲ ಕುಂದರಿಸಿಕೊಂಡು.
ಕೂಸಿಗೆ ಎಷ್ಟು ವರ್ಷ ಅಂದ ಕಂಡಕ್ಟರ್.
ಅರ್ಧ ಟಿಕೀಟು ಹರೀಲಿಲ್ಲ, ನಕ್ಕ ಅಷ್ಟ.

ಎಡಕ್ಕ ಮರಾಠಿ, ಬಲಕ್ಕ ಕನ್ನಡ.
ಹಂಗಂತ ನಾ ಏನೂ ಗೆರಿ ಕೊರದಿದ್ದಿಲ್ಲ;
ಲಗ್ನಪತ್ರಿಕಾ ಇಲ್ಲಿ ಎರಡೂ ಕಡೆ ಅಚ್ಚಾಗ್ತದ,
ಗಂಡಿನವರದು ಒಂದು ಮಗ್ಗಲಾ, ಹೆಣ್ಣಿನವರದು ಒಂದು ಮಗ್ಗಲಾ.
ಎರಡೂ ಕೂಡೇ ಕಣ್ಣಿಗೆ ಬಿದ್ರ
ತಿಥಿ ತಪ್ಪೂದಿಲ್ಲ, ಮುಹೂರ್ತದ ಮಿನಿಟು ತಪ್ಪೂದಿಲ್ಲ.

ಖರೇ ತ್ರಾಸು ಬಾಣದ್ದು.
ಒಂದು ಪರದಿ ಎತ್ತರ, ಒಂದು ಗಿಡ್ಡ.
ಮ್ಯಾಲ ಹಿಡದು ಹೋದ್ರ ಸರಕ್ಕಂತ ದಾಟ್ತದ,
ಕೆಳಗ ಹಿಡದು ಹೋದ್ರ ಅಂಚಿಗೆ ಹಣೀ ಬಡಕೊಂಡು ನಿಲ್ತದ.
ಅಲ್ಲಿ ಗ್ವಾಡಿ ಇಲ್ಲ. ಆದ್ರೂ ನಿಲ್ತದ.
ಸೆಟ್ಟಿಂಗ್ಸಿನಾಗ ಒಂದು, ಎರಡು ಅಂತ ಚೌಕ ಬರ್ತಾವ;
ಎರಡನೇದನ್ನ ಬಟ್ಟಿನಷ್ಟು ಕೆಳಗ ಜಗ್ಗಿದೆ,
ಮತ್ತ ಮ್ಯಾಲ, ಮತ್ತ ಒಂದು ಕೂದಲೆಳಿ ಕೆಳಗ,
ರೊಟ್ಟಿ ಹಿಟ್ಟಿಗೆ ನೀರು ಹಾಕಿ ನೋಡಿದಂಗ.
ಈಗ ದಾಟ್ತದ. ದಾಟೂಮುಂದ ಸಣ್ಣಗ ಕುಂಟ್ತದ.

ಪ್ರಿಂಟ್ ಅಂತ ಬಲಕ್ಕ ಒತ್ತಿದ್ರ
ಎಷ್ಟು ಪ್ರತಿ ಅಂತ ಎಡಕ್ಕ ಕೇಳ್ತದ.
ನಾ ಇಲ್ಲಿ ಕಾಯ್ಕೋತ, ಅದು ಅಲ್ಲಿ ಕಾಯ್ಕೋತ.

ಮಂಗಳವಾರ ಮೈಂದರಗಿಯಿಂದ ರೇವಣಸಿದ್ಧ ಅವಟಿ ಬಂದ್ರು,
ಅಕ್ಕನ ಮಗಳ ಪತ್ರಿಕಾದ ಪ್ರೂಫ್ ನೋಡ್ಲಿಕ್ಕ.
ಬಲಗಡೆ ಪರದಿ ತುಂಬ ಹಿಗ್ಗಿಸಿಟ್ಟಿದ್ದೆ.
ಚಷ್ಮಾ ಹಾಕಿ, ತಗದು, ಒರಸಿ, ಮತ್ತ ಹಾಕಿ,
ಮ್ಯಾಲಿನ ದೇವರ ಹೆಸರಿನಿಂದ ಬಟ್ಟಿಟ್ಟು ಓದ್ಕೋತ ಇಳದ್ರು:
ವಧು, ವರ, ಮುತ್ಯಾ, ಸ್ಥಳ,
ಕಾಕಾಗೋಳು, ದೊಡ್ಡಪ್ಪಗೋಳು.
ಕೆಳಗ ಬಂದು ಬಟ್ಟು ನಿಂತಿತು.

“ನನ್ನ ಹೆಸರೆಲ್ಲದ?”
ಕೊನೇ ಸಾಲಿನಾಗ ಅದರೀ ಮಾವಾ.
“ಕೊನೇ ಸಾಲೆಲ್ಲದ?”

ಕೊನೇ ಸಾಲಿನ ಮ್ಯಾಲ ಟಾಸ್ಕ್‌ಬಾರ್ ಕುಂತಿತ್ತು.
ಎಡಗಡೆ ಅಷ್ಟ ಇರು ಅಂತ ಹೇಳಿಟ್ಟಿದ್ದೆ ಅದಕ್ಕ;
ರಾತ್ರಿ ಅಪ್‌ಡೇಟ್ ಆಗಿ, ಮುಂಜಾನೆದ್ದು
ಎರಡೂ ಪರದಿಗೆ ಬಂದು ಕಾಲು ಚಾಚಿತ್ತು.
ಗಡಿಯಾರ, ಸ್ಪೀಕರು, ತೆರೆದಿಟ್ಟ ಹನ್ನೆರಡು ಫೈಲಿನ ಡಬ್ಬಿ,
ಸಾಲಾಗಿ ಇಟ್ಕೊಂಡು, ಸ್ವಾದರಮಾವನ ಎದೀ ಮ್ಯಾಲ.

ಮಾವ ಎದ್ದು ನಿಂತ್ರು.
“ತಾಳಿ ನಾ ಮಾಡಿಸೀನಿ. ಮಂಟಪದ ಬಾಡಿಗಿ ನಂದು.
ಮರಾಠಿ ಕಡೆ ಗಂಡಿನ ಸ್ವಾದರಮಾವ
ದಪ್ಪ ಅಕ್ಷರದಾಗ ಇದ್ದಾನ. ನಾ ಇಲ್ಲ.”

ಖರೇನ. ಎಡಗಡೆ ಪರದಿ ಎತ್ತರ,
ಅಲ್ಲಿ ಆ ಮಾವನ ಕೆಳಗ ಇನ್ನೂ ನಾಕು ಬಟ್ಟು ಖಾಲಿ ಜಾಗಾ.

ಮೌಸಿನ ಬಲಗುಂಡಿ ಒತ್ತಿದೆ. ಸೆಟ್ಟಿಂಗ್ಸು.
ಎಲ್ಲಾ ಪರದಿ ಮ್ಯಾಲ ತೋರಿಸು ಅನ್ನೂ ಚೌಕದಾಗಿನ
ಗುರುತು ತಗದೆ.
ಸೆರಗು ಸರಿಸಿದಂಗ ಪಟ್ಟಿ ಸರದು
ರೇವಣಸಿದ್ಧ ಬಸಣ್ಣ ಅವಟಿ, ಸಾ. ಮೈಂದರಗಿ
ಕುಂಕುಮದ ಬಣ್ಣದಾಗ ಹೊರಗ ಬಂದ್ರು.

ಮಾವ ಕುಂತ್ರು. ತಣ್ಣಗಾದ ಚಹಾ ಕುಡದ್ರು.
ಮತ್ತ ಒಮ್ಮೆ ತೋರಸವ್ವಾ ಅಂದ್ರು.
ಪಟ್ಟಿ ತಂದೆ, ಹೆಸರು ಹೋತು.
ಪಟ್ಟಿ ತಗದೆ, ಹೆಸರು ಬಂತು.
ಮೂರನೇ ಸಲಕ್ಕ ನಕ್ಕಬಿಟ್ರು, ಹಲ್ಲಿಲ್ಲದ ಮಗ್ಗಲಿಂದ.
“ಪ್ರೆಸ್ಸಿನಾಗ ಹಿಂಗ ಆಗೂದಿಲ್ಲಲ್ಲ ಮತ್ತ?”
ಹಾಳಿಗೆ ಟಾಸ್ಕ್‌ಬಾರ್ ಇರೂದಿಲ್ರೀ ಅಂದೆ.
ಎಂಟುನೂರು ಪ್ರತಿ ಹೇಳಿದ್ರು,
ಬಾಗಲಾ ತನ ಹೋಗಿ, ತಿರುಗಿ ಬಂದು, ಸಾವಿರ ಮಾಡು ಅಂದ್ರು.

ಎಂಟಕ್ಕ ಶಟರ್ ಎಳೀಲಿಕ್ಕ ಮಾಲಕರು ಬಂದಾಗ
ಎರಡೂ ಆರಿಸಿದೆ, ಮೊದಲ ಹೊಸಾದು, ಆಮ್ಯಾಲ ನಂದು.
ಬಾಣ ಯಾವ ಕಡೆ ಉಳೀತೋ ನೋಡ್ಲಿಲ್ಲ,
ನಾಳಿ ಮೌಸ್ ಅಲ್ಲಾಡಿಸಿ ಹುಡುಕಿದ್ರಾತು.

ಆ ಒಂಬೈನೂರರ ಮಾತು ಇವತ್ತು ತಗದೆ.
ಅದ ಸುಗಲಾ, ಎಲ್ಲಿ ಹೋಗ್ತದ ಅಂದ್ರು ಮಾಲಕರು,
ವಹೀ ಒಳಗ, ಕೊನೇ ಸಾಲಿನಾಗ.