ಅರಿಬಿ ಒಗಿಯೋ ಕಲ್ಲು

ಮೊದಲ ಬಂದಾಕಿ ಪುಣೇದ ಒಬ್ಬ ಮುದುಕಿ.
ಗುಡಿ ನೋಡಲಿಲ್ಲ, ಬಾವಿ ನೋಡಲಿಲ್ಲ,
ಸೀದಾ ನಮ್ಮ ಬಾಗಲಾ ಬಡದು
ಕಿರುಬೆರಳು ಎತ್ತಿ ತೋರಿಸಿದ್ಳು.
ಭಾಷಾ ಬೇಕಾಗಲಿಲ್ಲ.
ಹಿತ್ತಲಕ ಕರಕೊಂಡು ಹೋದೆ.
ಪಂಚಾಯ್ತಿ ಕಟ್ಟಿಸಿಕೊಟ್ಟ ಪಾಯಖಾನಿ,
ಒಳಗ ಒಟ್ಟಿದ್ದ ಕುಳ್ಳು ತಗದು
ಸುಣ್ಣಾ ಹಚ್ಚಿ ಎಂಟ ದಿನ ಆಗಿತ್ತು, ನನ್ನ ಪುಣ್ಯಾ.
ಹೊರಗ ಬಂದಾಕಿ ನನ್ನ ಎರಡೂ ಕೈ ಹಿಡಕೊಂಡ್ಳು,
ಹರಕಿ ತೀರಿದವರಂಗ.

ಆಮ್ಯಾಲ ಬಸ್ಸಿನ ಹಿಂದ ಬಸ್ಸು.
ಕೊಲ್ಕತ್ತಾದವು, ಸೂರತ್ತಿನವು,
ಹೈದರಾಬಾದಿನ ಸಾಲಿ ಹುಡುಗರವು.
ಬದಾಮಿ ಮುಗಿಸಿದವರು, ಹಂಪಿಗೆ ಹೊಂಟವರು,
ನಡುವ ಒಂದು ತಾಸು ನಮ್ಮ ಲಕ್ಕುಂಡಿ.
ನೂರಾ ಒಂದು ಗುಡಿ, ನೂರಾ ಒಂದು ಬಾವಿ
ಅಂತ ಹೇಳತಾನ ಗೈಡು.
ಪಾಯಖಾನಿ ಮಾತ್ರ ಒಂದ.
ನಮ್ದು.

ಕಸ್ತೂರಿ ರಟ್ಟಿನ ಮ್ಯಾಲ ಮೂರು ಭಾಷಾದಾಗ ಬರದ್ಳು:
ಹೆಂಗಸರಿಗೆ ಹತ್ತು ರೂಪಾಯಿ, ಕೂಸಿಗೆ ಪುಕ್ಕಟೆ.
ಗಂಡಸರಿಗೆ? ಅಂದೆ.
ಅವರಿಗೆ ಊರ ತುಂಬ ಗ್ವಾಡಿ ಅದಾವಲ್ಲಬೇ, ಅಂದ್ಳು.

ದ್ಯಾಮಪ್ಪನ ಟಂಟಂನಾಗ ಗದಗಿನಿಂದ
ಫಿನಾಯಿಲ್ ಬಂತು, ಬಿಳೆ ಬಕೆಟ್ಟು ಬಂತು,
ಒಂದು ಕನ್ನಡಿನೂ ಬಂತು.
ಡಿಸೆಂಬರಿನಾಗ ಒಂದು ಐತವಾರ
ಎಂಟುನೂರಾ ಅರವತ್ತು ಆತು.
ಇವರು ಎಣಿಸೋದು ಬಿಟ್ಟು ನನ್ನ ಮಾರಿ ನೋಡಿದ್ರು.
ಇಪ್ಪತ್ತೊಂದು ವರ್ಷದಾಗ ಹಂಗ ನೋಡಿದ್ದು ಅದ ಮೊದಲು.

ನೀರಿಂದ ಅಷ್ಟ ಚಿಂತಿ.
ನಳ ಬರೋದು ಎಂಟು ದಿನಕ್ಕೊಮ್ಮೆ.
ಲಗ್ನಾಗಿ ಬಂದ ಹೊಸತಾಗಿ
ಯಾವ ಪಾವಟಿಗಿ ಇಳದು ಕೊಡ ತುಂಬತಿದ್ದೆನೋ
ಅಲ್ಲಿಗೀಗ ಕಬ್ಬಿಣದ ಗೇಟು.
ಅದ ಪಾವಟಿಗಿ ಮ್ಯಾಲ ಕುಂತು
ಸೆರಗು ಹಾರಿಸಿ ಫೋಟೋ ತಗಸ್ಕೋತಾರ.
ಟ್ಯಾಂಕರಿನಾಂವ ನಾನೂರು ಕೇಳತಾನ.

ಒಬ್ಬಾಂವ ಬಂದ, ಕೊಳ್ಳಾಗ ಕ್ಯಾಮೆರಾ.
ಹೆಂಡತಿ ಒಳಗ ಹೋಗಿದ್ಳು,
ಕಾಯಾಕ ಹಿತ್ತಲದಾಗ ನಿಂತ.
ಅರಿಬಿ ಒಗಿಯೋ ಕಲ್ಲು ನೋಡಿದ.
ಬಗ್ಗಿ ನೋಡಿದ.
ಚರಿಗಿ ನೀರು ಸುರುವಿ ಅಂಗೈಲೆ ತಿಕ್ಕಿದ.
ಸಬಕಾರದ ಜಿಡ್ಡಿನ ಕೆಳಗಿಂದ
ಒಂದು ಹಂಸದ ಕೊಳ್ಳು ಎದ್ದು ಬಂತು.

ನಮಗೇನು ಗೊತ್ತಿಲ್ಲದ್ದಲ್ಲ.
ಅತ್ತಿ ಅದಕ್ಕ ಕೋಳಿ ಅಂತಿದ್ಳು.
ಕೋಳಿ ಮ್ಯಾಲ ಕುಕ್ಕಬ್ಯಾಡಬೇ, ಬಾಜೂಕ ಕುಕ್ಕು.

ಹದಿನೈದು ದಿನಕ್ಕ ಜೀಪು ಬಂತು.
ನಾಕು ಮಂದಿ, ಹಗ್ಗ, ಬಿದಿರಗಳ, ಒಂದು ರಿಜಿಸ್ಟರು.
ಸಾವಿರ ವರ್ಷದ್ದು ಅಂದ್ರು.
ಇವರ ಕಡೆ ಸಹಿ ಹಾಕಿಸಿಕೊಂಡ್ರು.
ಕಲ್ಲು ಎತ್ತಿದ ತೆಗ್ಗಿನಾಗ ಎರಿಹುಳ,
ಹಸರು ಬಳಿ ಚೂರು ಒಂದು.
ಅತ್ತೀದು ಇರಬೇಕು, ಇಲ್ಲಾ ಅಕೀ ಅತ್ತೀದು.
ಅದನ್ನ ಯಾರೂ ಬರಕೊಳ್ಳಲಿಲ್ಲ.

ಹೊಸಾ ಕಲ್ಲು ತಂದೇವಿ, ಪಾಲಿಶಿನ ಕಡಪಾ.
ಅರಿಬಿ ಜಾರತಾವ.

ಮೊನ್ನೆ ಹ್ವಾದೆ, ಮ್ಯೂಜಿಯಮ್ಮಿಗೆ.
ಕೌಂಟರಿನಾಗ ಬಸಣ್ಣೆಪ್ಪನ ಮಗ.
ನಿನಗ್ಯಾಕ ಟಿಕೀಟು ಚಿಗವ್ವಾ, ಅಂದ.
ಹರಿಯೋ ಮಾರಾಯಾ,
ನಾನೂ ದಿನಾ ಮಂದಿ ಕಡೆ ತಗೋತೀನಿ, ಅಂದೆ.

ಸಿಮೆಂಟಿನ ಕಟ್ಟಿ ಮ್ಯಾಲ ನಿಂದರಿಸ್ಯಾರ.
ನಮ್ಮ ಹಿತ್ತಲದಾಗ ಅದು ಮಲಗಿತ್ತು.
ನಿಂತಾಗ ಇಷ್ಟ ಎತ್ತರ ಐತಿ ಅಂತ ಗೊತ್ತಿರಲಿಲ್ಲ.
ಕೋಳಿ ಈಗ ಖರೇನ ಹಂಸ,
ಮಾರಿ ಅತ್ತಾಗ ತಿರುವಿತ್ತು.
ಕಸ್ತೂರಿ ಚೀಟಿ ಓದಿದ್ಳು:
ಬಾಗಿಲವಾಡದ ತುಂಡು. ಹನ್ನೊಂದನೆಯ ಶತಮಾನ.
ಎಡಭಾಗ ಸವೆದಿದೆ.
ಮತ್ತೇನು ಬರದಾರ? ಅಂದೆ.
ಅಷ್ಟ ಬೇ, ಅಂದ್ಳು.

ಮುಟ್ಟಬಾರದು ಅಂತ ಬೋರ್ಡಿತ್ತು.
ಮುಟ್ಟಿದೆ.
ಎಡಕ, ಆ ತಗ್ಗಿನಾಗ,
ಮುಂಗೈ ಅದರಷ್ಟಕ್ಕ ಅದ ಕುಂತಿತು.

ಬಾಜೂಕ ನಿಂತಾಕಿ, ಯಾವೂರಾಕೀನೋ,
ಬೆವತು ಚಡಪಡಿಸಾಕತ್ತಿದ್ಳು.
ನನ್ನ ಕಡೆ ತಿರುಗಿ ಕಿರುಬೆರಳು ಎತ್ತಿದ್ಳು.
ಬಾ, ಅಂದೆ.
ಸಣ್ಣ ಓಣಿ, ರಣಾ ಬಿಸಲು,
ಇಬ್ರೂ ಲಗೂ ಲಗೂ ನಡದ್ವಿ.