ತಾಯಮ್ಮನ ಸರದಿ

ಮಂಡ್ಯದ ಸುಭಾಷ್ ನಗರ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಭಾನುವಾರ. ಮೇಜಿನ ಮೇಲೆ ನಾನು ಬರೆದ ನಾಲೆ,
ಹಾಳೆ ಅಂಟಿಸಿದ ರಟ್ಟು, ಏಳು ತೂಬು,
ನೀರಿಗೆ ನೀಲಿ ಗುಂಡಿ, ಟೈಲರ್ ನಸೀಮಾ ಕೊಟ್ಟದ್ದು.
ಒಂಬತ್ತನೆಯ ಸಲ ಆಡಿಸುತ್ತಿದ್ದೇನೆ.

ನಾನು ಆಡುವುದಿಲ್ಲ. ಗಡಿಯಾರ ಹಿಡಿದು ಕೂರುತ್ತೇನೆ.
ಪುಟ್ಟಮಾದು: ಒಂದು ನಿಮಿಷ. ನಸೀಮಾ: ಎರಡು.
ಚಿಕ್ಕರಸು: ಎರಡೂವರೆ.
ತಾಯಮ್ಮ: ಹನ್ನೊಂದು.

ಆ ಹನ್ನೊಂದರಲ್ಲಿ
ಪುಟ್ಟಮಾದು ಫೋನಿನಲ್ಲಿ ಕುಸ್ತಿ ನೋಡಿದ.
ನಸೀಮಾ ಗುಂಡಿಯ ಗೋಪುರ ಕಟ್ಟಿ
ತಾನೇ ಊದಿ ಬೀಳಿಸಿದಳು.
ಚಿಕ್ಕರಸು ಸುಲಿದ ಕಡಲೆಕಾಯಿ ಸಿಪ್ಪೆ
ನನ್ನ ಗದ್ದೆಬಯಲನ್ನೆಲ್ಲ ಮುಚ್ಚಿತು.
ಆಟ ಸಾಯುವ ಸದ್ದು ಅದು: ಸಿಪ್ಪೆ ಒಡೆಯುವ ಸದ್ದು.

'ಬಿರ್ನೆ ಆಡವ್ವೋ' ಎಂದ ಪುಟ್ಟಮಾದು.
ತಾಯಮ್ಮ ತಲೆ ಎತ್ತಲಿಲ್ಲ.
ಬಸ್‌ಸ್ಟ್ಯಾಂಡಿನ ಪಾಸ್ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ
ಕಿಂಡಿಯಾಚೆಯಿಂದ ಇದೇ ಮಾತು ಕೇಳಿದ ಕಿವಿ.
'ಈಗ ನನ್ ಸರದಿ ಕಣ್ಲಾ. ಸುಮ್ಕೆ ಕೂತ್ಕೊ.'

ಮರಳುಗಡಿಯಾರ ತಂದಿಟ್ಟೆ.
ಮರಳನ್ನೇ ನೋಡುತ್ತ ಕೂತಳು, ತೂಬು ಮರೆತಳು.
ಏಳು ತೂಬನ್ನು ಮೂರಕ್ಕೆ ಇಳಿಸಿದೆ.
ಎರಡೇ ನಿಮಿಷಕ್ಕೆ ಮುಗಿಸಿ ಕೇಳಿದಳು, 'ಇಷ್ಟೇನಾ?'
ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಚೌಕಾಬಾರ ನೆನಪಾಯಿತು.
ಅಲ್ಲಿ ಕವಡೆ ಯಾರ ಕೈಲಿದ್ದರೂ
ಕಣ್ಣು ಎಲ್ಲರದೂ ಮಣೆಯ ಮೇಲೆ.
ಅವರಿಗೆ ಗರ ಬಿದ್ದರೆ ಕಡಿಸಿಕೊಳ್ಳುವುದು ನನ್ನ ಕಾಯಿ.
ಸರದಿ ಒಬ್ಬರದು, ದಿಗಿಲು ನಾಲ್ವರದು.

ಮುಂದಿನ ಭಾನುವಾರ ಏಳು ತೂಬನ್ನೂ ವಾಪಸ್ ಇಟ್ಟೆ.
ಕಾಯುವವರಿಗೆಲ್ಲ ಹಿಡಿ ಹಿಡಿ ಹುಣಸೆಬೀಜ ಹಂಚಿದೆ:
ತಾಯಮ್ಮ ಎಷ್ಟನೆಯ ತೂಬು ಎತ್ತುತ್ತಾಳೋ
ಅಷ್ಟೇ ಬೀಜ ಮುಚ್ಚಿಟ್ಟವರ ಗದ್ದೆಗೂ ನೀರು.

ಫೋನು ಮಗುಚಿ ಮಲಗಿತು.
ಮೂವರೂ ಅವಳ ಮುಖ ಓದುತ್ತಿದ್ದಾರೆ,
ಮೂಗುತಿ ಪಕ್ಕದ ಸಣ್ಣ ಅದುರು,
ಐದರ ಮೇಲೆ ನಿಂತು ಎರಡಕ್ಕೆ ಜಾರಿದ ಬೆರಳು.
ಅವಳಿಗದು ಗೊತ್ತು.
ಬೇಕೆಂದೇ ಒಮ್ಮೆ ಕೆಮ್ಮಿದಳು.
'ಏಳು, ಏಳು ಕಣೇ' ಎಂದು ನಸೀಮಾ ಕಿವಿಯಲ್ಲಿ ಉಸುರಿದ ಚಿಕ್ಕರಸು,
ತಾನು ಮೂರು ಮುಚ್ಚಿಟ್ಟುಕೊಂಡು.

ಗಡಿಯಾರ ನೋಡಿದೆ: ಹನ್ನೊಂದು ದಾಟಿ ಇಪ್ಪತ್ತು ಸೆಕೆಂಡು.
'ಕಾದ ಹೊತ್ತು' ಎಂದು ಗೆರೆ ಎಳೆದ ಕಾಲಮ್ಮಿನಲ್ಲಿ
ಏನು ಬರೆಯುವುದು?
ಪೆನ್ನು ಎತ್ತಲು ಹೋದರೆ ಕೈ ಬಿಡುವಿರಲಿಲ್ಲ.
ಆಡದ ನನ್ನ ಮುಷ್ಟಿಯಲ್ಲೂ, ಯಾವಾಗಲೋ,
ನಾಲ್ಕು ಬೀಜ ಬೆವರುತ್ತಿದ್ದವು.