ಕಡ ತಂದ ಹತ್ತು

ನಲವತ್ತೆರಡರಲ್ಲಿ ಹದಿನೇಳು ಕಳೆಯಬೇಕು.
ಎರಡರಲ್ಲಿ ಏಳು ಹೋಗೋದೇ ಇಲ್ಲ ಅಂತ
ಪೆನ್ಸಿಲ್ ಕಚ್ಚಿ ಕೂತಿದ್ದಾಳೆ ಪ್ರಣಾಲಿ.

ಮಧ್ಯಾಹ್ನ ಸುಕ್ಕ ಮಾಡಿದ ಕೋಡಿಬಾಗದ ತಿಸರೆ,
ಅದರ ಚಿಪ್ಪು ತೊಳೆದು ತಂದು ಸುರಿದೆ.
ಹತ್ತು ಹತ್ತರ ನಾಲ್ಕು ಗುಪ್ಪೆ, ಬಿಡಿ ಎರಡು.
ಕಾಳಿಹೊಳೆಯ ವಾಸನೆ ಇನ್ನೂ ಹೋಗಿರಲಿಲ್ಲ.

"ಪಕ್ಕದ ಮನೆಯಿಂದ ಒಂದು ಗುಪ್ಪೆ ಕಡ ತಾ."
ತಂದಳು. ಹನ್ನೆರಡು. ಏಳು ಸರಿಸಿದಳು.
ಇಪ್ಪತ್ತೈದು ಬರೆದಳು,
ಐದು ಮಾತ್ರ ತಿರುಗುಮುರುಗು.

ಆಮೇಲೆ, ರಬ್ಬರ್ ಹುಡುಕುತ್ತ:
"ಆಯಿ, ಆ ಹತ್ತು
ಯಾವಾಗ ತಿರುಗಿ ಕೊಡೋದು?"

ಪುಸ್ತಕದಲ್ಲಿ ಅದರ ಮಾತೇ ಇಲ್ಲ.
ನಾಲ್ಕು, ತಲೆಗೆ ಗೀಟು ಹಾಕಿಸಿಕೊಂಡು
ಸುಮ್ಮನೆ ಮೂರಾಗಿ ನಿಂತಿದೆ.

ಗೋಡೆಯಾಚೆ ಶೇವಂತಿ ಪಾತ್ರೆ ತಿಕ್ಕುವ ಸದ್ದು.
ಸೋಮವಾರ ಸಕ್ಕರೆ ತಂದ ಅವಳ ಲೋಟ
ನಮ್ಮ ಕಪಾಟಿನಲ್ಲೇ ಇದೆ.

"ಮುಂದಿನ ಲೆಕ್ಕ ಮಾಡ್ತಿರು," ಅಂದು
ಡಬ್ಬಿ ಇಳಿಸಿದೆ.